ಪ್ರೇಮವೂ ಪಂಕ್ತಿಯೂ

ಅನೇಕರು ಸೇರಿ ಒಂದು ಸಮುದಾಯವಾಗುವುದು ಯಾವುದರಿಂದ? ಒಂದೇ ನಂಬಿಕೆಯಿಂದಲೋ, ಒಂದೇ ಆಚಾರದಿಂದಲೋ, ಒಂದೇ ಭಾವನೆಯಿಂದಲೋ? ಧರ್ಮಸಮಾಜಗಳ ಇತಿಹಾಸವನ್ನು ಅವಲೋಕಿಸಿದವರಿಗೆ ಈ ಪ್ರಶ್ನೆಯು ಸುಲಭವಾದುದಲ್ಲವೆಂಬುದು ವೇದ್ಯವಾಗದೆ ಇರದು. ಒಂದೇ ಗ್ರಂಥವನ್ನು ಪಠಿಸುವವರು ಪರಸ್ಪರ ವೈರಿಗಳಾಗಿರುವುದುಂಟು. ಒಂದೇ ಆಚಾರವನ್ನು ನಡೆಯಿಸುವವರು ಒಬ್ಬರ ಮುಖವನ್ನೊಬ್ಬರು ನೋಡದಿರುವುದುಂಟು. ಒಂದೇ ಪ್ರಾರ್ಥನೆಯಲ್ಲಿ ಕಣ್ಣೀರಿಟ್ಟವರು ಹೊರಗೆ ಬಂದೊಡನೆ ಬೇರೆ ಬೇರೆ ಬೀದಿಗಳನ್ನು ಹಿಡಿಯುವುದುಂಟು. ಈ ಪ್ರಶ್ನೆಗೆ ಕ್ರೈಸ್ತಧರ್ಮವು ಕೊಡುವ ಉತ್ತರವು ಒಂದೇ ಶಬ್ದದ್ದು: ಪ್ರೇಮ. ತನ್ನ ಶಿಷ್ಯರೆಲ್ಲರೂ ಒಂದಾಗಿರಬೇಕೆಂದು ಯೇಸು ಕ್ರಿಸ್ತನು ಮರಣದ ಹಿಂದಿನ ರಾತ್ರಿ ಪ್ರಾರ್ಥಿಸಿದನೆಂದೂ, ಅವರು ಒಬ್ಬರನ್ನೊಬ್ಬರು ಪ್ರೀತಿಸುವುದರಿಂದಲೇ ತನ್ನ ಶಿಷ್ಯರೆಂದು ಲೋಕವು ಅವರನ್ನು ಗುರುತಿಸುವುದೆಂದು ಹೇಳಿದನೆಂದೂ ಯೋಹಾನನ ಸುವಾರ್ತೆಯು ತಿಳಿಸುತ್ತದೆ.

ಆದರೆ ಪ್ರೇಮವೆಂಬ ಶಬ್ದದಷ್ಟು ಸುಲಭವಾಗಿ ನಾಲಗೆಗೆ ಬರುವ ಶಬ್ದ ಮತ್ತೊಂದಿಲ್ಲ. ಹಣವಿಲ್ಲದೆ ಕೊಡಬಹುದಾದ ದಾನವೆಂದರೆ ಮಾತಿನ ಪ್ರೀತಿ. ಆದುದರಿಂದ ಪ್ರೇಮವು ಐಕ್ಯದ ಮೂಲವೆಂದು ಸಾರಿದ ಮಾತ್ರಕ್ಕೆ ಪ್ರಶ್ನೆಯು ಮುಗಿಯುವುದಿಲ್ಲ. ಆ ಪ್ರೇಮವು ನಿಜವಾದುದೋ ಹುಸಿಯಾದುದೋ ಎಂಬುದನ್ನು ಒರೆಹಚ್ಚಿ ನೋಡುವ ಸ್ಥಳ ಯಾವುದು ಎಂದು ಕೇಳಬೇಕಾಗುತ್ತದೆ. ಕ್ರೈಸ್ತಸಭೆಯ ಆದಿಕಾಲದ ಬರೆಹಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ ಆ ಸ್ಥಳವು ಪ್ರಾರ್ಥನಾಮಂದಿರವೂ ಅಲ್ಲ, ಪಂಡಿತರ ವಾದಸಭೆಯೂ ಅಲ್ಲ, ಊಟದ ಪಂಕ್ತಿ ಎಂಬುದು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಪಂಕ್ತಿಭೇದವೆಂಬ ಮಾತುಂಟು. ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ಉಣ್ಣುವವರೊಳಗೆ ಒಬ್ಬನ ಎಲೆಗೆ ತುಪ್ಪ, ಇನ್ನೊಬ್ಬನ ಎಲೆಗೆ ನೀರುಮಜ್ಜಿಗೆ ಬಿದ್ದರೆ ಅದು ಪಂಕ್ತಿಭೇದ. ಮೊದಲನೆಯ ಶತಮಾನದ ಕ್ರೈಸ್ತರ ಐಕ್ಯವು ಮೂರು ಊರುಗಳಲ್ಲಿ ಮೂರು ಬಾರಿ ಗಂಡಾಂತರಕ್ಕೆ ಸಿಲುಕಿದುದು ಈ ಪಂಕ್ತಿಭೇದದಿಂದಲೇ ಎಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ಮೊದಲನೆಯದು ಯೆರೂಸಲೇಮು. ಅಲ್ಲಿಯ ಆದಿಸಭೆಯವರು ತಮ್ಮ ಆಸ್ತಿಪಾಸ್ತಿಗಳನ್ನು ಮಾರಿ, ಬಂದ ಹಣವನ್ನು ಅಪೊಸ್ತಲರ ಪಾದದ ಬಳಿ ಇರಿಸಿ, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳ ಗ್ರಂಥವು ವರ್ಣಿಸಿದೆ. ಆದರೆ ಅದೇ ಗ್ರಂಥವು ಮರುಕ್ಷಣದಲ್ಲಿಯೇ ಒಂದು ಗುಣುಗುಟ್ಟುವಿಕೆಯನ್ನೂ ಮರೆಮಾಚದೆ ದಾಖಲಿಸಿದೆ. ದಿನದಿನದ ಉಪಚಾರದಲ್ಲಿ ಗ್ರೀಕ್ ಭಾಷೆಯನ್ನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದೇ ಆ ದೂರು. ಅಪೊಸ್ತಲರು ಈ ದೂರನ್ನು ಐಕ್ಯಕ್ಕೆ ಭಂಗ ತರುವ ಮಾತೆಂದು ಗದರಿಸಿ ಅಡಗಿಸಲಿಲ್ಲ. ಏಳು ಮಂದಿಯನ್ನು ಆರಿಸಿ ಹಂಚುವ ಕೆಲಸವನ್ನು ಅವರಿಗೆ ಒಪ್ಪಿಸಿದರು. ಆ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಯಾರ ಪಾಲಿಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಸೌಟನ್ನು ಕೊಟ್ಟುದು ಇದರ ತಾತ್ಪರ್ಯವೆಂದು ಊಹಿಸುವುದು ಅಸಂಗತವಾಗಲಾರದು.

ಎರಡನೆಯದು ಅಂತಿಯೋಕ್ಯ. ಅಲ್ಲಿ ಯೆಹೂದ್ಯರಾಗಿ ಹುಟ್ಟಿದ ಕ್ರೈಸ್ತರೂ ಅನ್ಯಜನಾಂಗಗಳಿಂದ ಬಂದ ಕ್ರೈಸ್ತರೂ ಒಟ್ಟಿಗೆ ಕುಳಿತು ಊಟಮಾಡುತ್ತಿದ್ದರು. ಶಿಷ್ಯರಲ್ಲಿ ಅಗ್ರಗಣ್ಯನಾದ ಪೇತ್ರನೂ ಆ ಪಂಕ್ತಿಯಲ್ಲಿ ಕುಳಿತವನೇ. ಆದರೆ ಯೆರೂಸಲೇಮಿನಿಂದ ಕೆಲವರು ಬಂದೊಡನೆ ಅವನು ಅಂಜಿ ಹಿಂದೆ ಸರಿದು ಬೇರೆಯಾಗಿ ಉಣ್ಣತೊಡಗಿದನು. ಅವನನ್ನು ನೋಡಿ ಬಾರ್ನಬನಂಥವನೂ ಹಾಗೆಯೇ ಮಾಡಿದನು. ಪೌಲನು ಇದನ್ನು ಕಂಡು ಎಲ್ಲರೆದುರಿನಲ್ಲಿ, ಮುಖಾಮುಖಿಯಾಗಿ ಪೇತ್ರನನ್ನು ಆಕ್ಷೇಪಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಪೇತ್ರನು ಯಾವ ಸಿದ್ಧಾಂತವನ್ನೂ ಬದಲಾಯಿಸಿರಲಿಲ್ಲ. ಉಪದೇಶದಲ್ಲಿ ಒಂದಕ್ಷರವನ್ನೂ ತಿದ್ದಿರಲಿಲ್ಲ. ಎದ್ದು ಬೇರೆ ಕಡೆ ಕುಳಿತಿದ್ದನು, ಅಷ್ಟೇ. ಆದರೆ ಹಾಗೆ ಎದ್ದುದೇ ಸುವಾರ್ತೆಯ ಸತ್ಯಕ್ಕೆ ಚ್ಯುತಿಯೆಂದು ಪೌಲನು ಭಾವಿಸಿದನು. ನಾಲಗೆಯು ಆಡದ ಸುಳ್ಳನ್ನು ದೇಹವು ಆಡಬಲ್ಲುದೆಂಬುದನ್ನು ಅವನು ಅರಿತಿದ್ದನು.

ಮೂರನೆಯದು ಕೊರಿಂಥ. ಪ್ರೇಮವನ್ನು ಕುರಿತು ಕ್ರೈಸ್ತಪ್ರಪಂಚದಲ್ಲಿ ಅತ್ಯಂತ ಪ್ರಸಿದ್ಧವಾದ ಬರೆಹವು ಈ ಊರಿನವರನ್ನುದ್ದೇಶಿಸಿ ಹುಟ್ಟಿದುದರಿಂದ ಇಲ್ಲಿಯ ಪರಿಸ್ಥಿತಿಯನ್ನು ಕೊಂಚ ವಿಸ್ತಾರವಾಗಿ ತಿಳಿಯಬೇಕು. ಗ್ರೀಸ್ ದೇಶದ ಈ ಪ್ರಾಚೀನ ನಗರವನ್ನು ರೋಮನರು ಕ್ರಿ.ಪೂ. 146ರಲ್ಲಿ ನಾಶಮಾಡಿದರು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಸಂಕಲ್ಪದಂತೆ ಅದು ರೋಮನ್ ವಸಾಹತಾಗಿ ಮತ್ತೆ ತಲೆಯೆತ್ತಿತು. ಹೊಸದಾಗಿ ಬಂದು ನೆಲಸಿದವರಲ್ಲಿ ಬಿಡುಗಡೆ ಹೊಂದಿದ ದಾಸರು ಬಹು ಮಂದಿ. ಎರಡು ಸಮುದ್ರಗಳ ನಡುವಣ ವ್ಯಾಪಾರಸ್ಥಳವಾದುದರಿಂದ ಹಣವು ಬೇಗ ಕೂಡುತ್ತಿತ್ತು. ಕುಲದ ಹಿರಿಮೆಯಿಲ್ಲದ ಊರಿನಲ್ಲಿ ಹಣದ ಹಿರಿಮೆಯೇ ಕುಲವಾಗಿ ನಿಂತಿತು. ಪೌಲನು ಸುಮಾರು ಕ್ರಿ.ಶ. 50ರಲ್ಲಿ ಅಲ್ಲಿಗೆ ಬಂದು, ಗುಡಾರ ಹೊಲಿಯುವ ಕಸಬಿನಿಂದ ಜೀವನ ನಡೆಯಿಸುತ್ತ, ಸಭೆಯೊಂದನ್ನು ಸ್ಥಾಪಿಸಿದನು. ನಗರದ ಖಜಾಂಚಿಯಾಗಿದ್ದ ಎರಸ್ತನಂಥವರೂ, ದಾಸರೂ, ಕೂಲಿಕಾರರೂ ಆ ಸಭೆಯೊಳಗಿದ್ದರು.

ಅವನು ಎಫೆಸ ಪಟ್ಟಣಕ್ಕೆ ಹೋದ ಮೇಲೆ ಕೊರಿಂಥದಿಂದ ದುರ್ವಾರ್ತೆಗಳು ಬಂದವು. ಸಭೆಯಲ್ಲಿ ಪಕ್ಷಗಳೆದ್ದಿದ್ದವು. ಒಬ್ಬನು ತಾನು ಪೌಲನ ಪಕ್ಷದವನೆನ್ನುವನು. ಇನ್ನೊಬ್ಬನು ಅಪೊಲ್ಲೋಸನ ಪಕ್ಷದವನೆನ್ನುವನು. ಮತ್ತೊಬ್ಬನು ಕೇಫನೆನಿಸಿದ ಪೇತ್ರನ ಪಕ್ಷದವನೆನ್ನುವನು. ಇದಕ್ಕಿಂತಲೂ ಅವನನ್ನು ನೋಯಿಸಿದುದು ಕರ್ತನ ಭೋಜನದ ಸುದ್ದಿ. ಕ್ರಿಸ್ತನ ಕೊನೆಯ ಊಟದ ಸ್ಮರಣೆಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಈ ವಿಧಿಯು ಆ ಕಾಲದಲ್ಲಿ ನಿಜವಾದ ಊಟದೊಡನೆಯೇ ನಡೆಯುತ್ತಿತ್ತು. ಉಳ್ಳವರು ಮೊದಲೇ ಕುಳಿತು ತಾವು ತಂದುದನ್ನು ತಾವೇ ಉಂಡುಬಿಡುವರು. ಇಲ್ಲದವರು ಹಸಿದೇ ಇರುವರು. ದಾಸನ ಹೊತ್ತು ದಾಸನ ಕೈಯಲ್ಲಿಲ್ಲ. ಯಜಮಾನನ ಕೆಲಸ ಮುಗಿದ ಮೇಲೆ ಅವನು ಬರಬೇಕು. ಅವನು ಬಾಗಿಲೊಳಗೆ ಕಾಲಿಡುವಷ್ಟರಲ್ಲಿ ಒಬ್ಬನು ಉಂಡು ಕುಡಿದು ಮತ್ತನಾಗಿರುವನು, ಪಾತ್ರೆಗಳು ಬರಿದಾಗಿರುವವು. ದೇವರ ಹೆಸರಿನಲ್ಲಿ ಕೂಡಿದ ಮನೆಯಲ್ಲಿ ಬಡವನಿಗೆ ಉಳಿದುದು ಅವಮಾನವೊಂದೇ.

ಇದು ಕೊರಿಂಥದವರ ವಿಶೇಷ ದುಷ್ಟತನವೆಂದು ತಿಳಿಯಬಾರದು. ಅವರು ತಮ್ಮ ಕಾಲದ ಮರ್ಯಾದೆಯನ್ನು ಅನುಸರಿಸಿದರು. ರೋಮನ್ ಶ್ರೀಮಂತರ ಔತಣಗಳಲ್ಲಿ ಅತಿಥಿಗಳ ಅಂತಸ್ತಿಗೆ ತಕ್ಕಂತೆ ಆಹಾರವೂ ಪಾನೀಯವೂ ಬೇರೆಬೇರೆಯಾಗಿರುತ್ತಿದ್ದುವು. ತಾನು ಹೋಗಿದ್ದ ಔತಣವೊಂದರಲ್ಲಿ ಮೂರು ದರ್ಜೆಯ ಅತಿಥಿಗಳಿಗೆ ಮೂರು ದರ್ಜೆಯ ಮದ್ಯವನ್ನು ಕೊಟ್ಟುದನ್ನು ಕಿರಿಯ ಪ್ಲೀನಿಯು ತನ್ನ ಪತ್ರವೊಂದರಲ್ಲಿ ಹೇಸಿಗೆಯಿಂದ ಬಣ್ಣಿಸಿದ್ದಾನೆ. ಅಂದಿನ ಮನೆಗಳ ಊಟದ ಕೋಣೆಯೂ ಚಿಕ್ಕದು. ಮಂಚಗಳ ಮೇಲೆ ಒರಗಿ ಉಣ್ಣುವವರು ಸಾಮಾನ್ಯವಾಗಿ ಒಂಬತ್ತು ಮಂದಿ. ಉಳಿದವರು ಹೊರಗಣ ಅಂಗಳದಲ್ಲಿಯೇ ಕುಳ್ಳಿರಬೇಕಾಗಿದ್ದಿರಬೇಕೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಹೀಗೆ ಲೋಕದ ರೂಢಿಯು ಯಾರ ಅಪ್ಪಣೆಯನ್ನೂ ಕೇಳದೆ ದೇವರ ಸಭೆಯೊಳಗೆ ಬಂದು ಕುಳಿತಿತು. ಪ್ರೇಮಕ್ಕೆ ದೊಡ್ಡ ಶತ್ರು ದ್ವೇಷವೆಂದು ಜನರು ಭಾವಿಸುತ್ತಾರೆ. ವಾಸ್ತವದಲ್ಲಿ ರೂಢಿಯೇ ಅದಕ್ಕಿಂತ ದೊಡ್ಡ ಶತ್ರು. ದ್ವೇಷಿಸುವವನಿಗೆ ತಾನು ದ್ವೇಷಿಸುತ್ತಿರುವುದು ಗೊತ್ತಿರುತ್ತದೆ. ರೂಢಿಯಂತೆ ನಡೆಯುವವನಿಗಾದರೋ ತಾನು ಯಾರನ್ನಾದರೂ ನೋಯಿಸುತ್ತಿರುವೆನೆಂಬ ಅರಿವೇ ಇರುವುದಿಲ್ಲ.

ಪೌಲನು ಸುಮಾರು ಕ್ರಿ.ಶ. 54ರಲ್ಲಿ ಎಫೆಸದಿಂದ ಕೊರಿಂಥದವರಿಗೆ ಬರೆದ ಪತ್ರವು ಈ ಸನ್ನಿವೇಶದಿಂದ ಹೊರಟುದು. ಅವನು ಕೊಟ್ಟ ಮದ್ದು ಆಶ್ಚರ್ಯಕರವಾಗಿ ಸರಳವಾಗಿದೆ. ಹೀಗೆ ಉಣ್ಣುವುದು ಕರ್ತನ ಭೋಜನವೇ ಅಲ್ಲವೆಂದು ಮೊದಲು ಖಂಡಿಸಿದನು. ಬಳಿಕ ಊಟಕ್ಕೆ ಕೂಡುವಾಗ ಒಬ್ಬರಿಗಾಗಿ ಒಬ್ಬರು ಕಾದಿರಬೇಕೆಂದು ವಿಧಿಸಿದನು. ಕಾಯುವುದು! ಇಷ್ಟು ದೊಡ್ಡ ರೋಗಕ್ಕೆ ಇಷ್ಟು ಚಿಕ್ಕ ಮದ್ದೇ ಎಂದು ತೋರಬಹುದು. ಆದರೆ ಇದರೊಳಗೆ ಅಡಗಿರುವ ಅರ್ಥವು ಗಂಭೀರವಾದುದು. ಕಾಯುವವನು ತನ್ನ ಹಸಿವನ್ನು ಇನ್ನೊಬ್ಬನ ಹಸಿವಿಗೆ ಸಮನಾಗಿ ತೂಗುತ್ತಾನೆ. ತಡವಾಗಿ ಬರುವವನು ಸಾಮಾನ್ಯವಾಗಿ ಕೆಳಗಿನವನು. ಅವನಿಗಾಗಿ ಪಂಕ್ತಿಯು ನಿಂತಾಗ ಸಭೆಯ ಕಾಲಮಾನವು ಯಜಮಾನನ ಅನುಕೂಲದಿಂದ ಹೊರಟು ದಾಸನ ಬಿಡುವಿನೊಡನೆ ಹೊಂದಿಕೊಳ್ಳುತ್ತದೆ. ಐಕ್ಯವೆಂಬುದನ್ನು ಅಳೆಯಬೇಕಾದರೆ ಮೊದಲು ಕುಳಿತವನನ್ನು ನೋಡಿದರೆ ಸಾಲದು. ಕೊನೆಗೆ ಬಂದವನ ಪಾಲಿಗೆ ಏನು ಉಳಿದಿತ್ತೆಂಬುದನ್ನು ನೋಡಬೇಕು.

ಇದಕ್ಕೆ ಮುಂದಿನ ಅಧ್ಯಾಯದಲ್ಲಿ ಅವನು ದೇಹದ ದೃಷ್ಟಾಂತವನ್ನು ತರುತ್ತಾನೆ. ಈ ದೃಷ್ಟಾಂತವು ಅವನ ಸ್ವಂತದ್ದಲ್ಲ. ರೋಮ್ ನಗರದ ಸಾಮಾನ್ಯ ಜನರು ಶ್ರೀಮಂತರ ಮೇಲೆ ಮುನಿದು ಊರು ಬಿಟ್ಟು ಹೋದಾಗ, ಹೊಟ್ಟೆಯ ಮೇಲೆ ಸಿಟ್ಟಾಗಿ ಕೈಕಾಲುಗಳು ಮುಷ್ಕರ ಹೂಡಿದರೆ ಇಡೀ ದೇಹವೇ ಕೃಶವಾಗುವುದೆಂಬ ಕಥೆಯನ್ನು ಮೆನೇನಿಯಸ್ ಅಗ್ರಿಪ್ಪನು ಹೇಳಿ ಅವರನ್ನು ಒಪ್ಪಿಸಿ ಕರೆತಂದನೆಂದು ಇತಿಹಾಸಕಾರ ಲಿವಿಯು ಬರೆದಿದ್ದಾನೆ. ಅಲ್ಲಿ ದೇಹದ ಹೋಲಿಕೆಯು ಕೆಳಗಿನವರನ್ನು ಅವರವರ ಸ್ಥಾನದಲ್ಲಿಯೇ ಇರಿಸುವ ಉಪಾಯವಾಗಿತ್ತು. ಪೌಲನು ಅದೇ ಹೋಲಿಕೆಯನ್ನು ತಲೆಕೆಳಗು ಮಾಡಿದನು. ದೇಹದಲ್ಲಿ ಬಲಹೀನವೆಂದು ತೋರುವ ಅಂಗಗಳೇ ಅತ್ಯಗತ್ಯವಾದುವು. ಗೌರವ ಕಡಿಮೆಯೆಂದು ತೋರುವ ಅಂಗಗಳಿಗೇ ಹೆಚ್ಚಿನ ಗೌರವ ಸಲ್ಲಬೇಕು. ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವಾಗುತ್ತದೆ ಎಂದು ಅವನು ವಾದಿಸಿದನು. ಒಂದೇ ದೃಷ್ಟಾಂತವು ಒಬ್ಬನ ಕೈಯಲ್ಲಿ ಕೆಳಗಿನವನ ಬಾಯಿ ಮುಚ್ಚಿಸಿತು, ಇನ್ನೊಬ್ಬನ ಕೈಯಲ್ಲಿ ಮೇಲಿನವನ ಕಣ್ಣು ತೆರೆಯಿಸಿತು. ಐಕ್ಯವನ್ನು ಬೋಧಿಸುವವರೆಲ್ಲರೂ ಒಂದೇ ಐಕ್ಯವನ್ನು ಬೋಧಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇವೆರಡು ಅಧ್ಯಾಯಗಳು ಮುಗಿದ ಮೇಲೆಯೇ ಪ್ರೇಮವನ್ನು ಕುರಿತ ಆ ಪ್ರಸಿದ್ಧ ಹದಿಮೂರನೆಯ ಅಧ್ಯಾಯವು ಬರುತ್ತದೆ. ಇಂದು ಅದನ್ನು ವಿವಾಹಸಮಾರಂಭಗಳಲ್ಲಿ ಮಂಗಳಗೀತದಂತೆ ಓದುವ ವಾಡಿಕೆಯುಂಟು. ಆದರೆ ಅದು ಬರೆಯಲ್ಪಟ್ಟುದು ವಧೂವರರಿಗಾಗಿ ಅಲ್ಲ, ಊಟದಲ್ಲಿ ಜಗಳವಾಡಿದವರಿಗಾಗಿ. ಅಲ್ಲಿ ಬರುವ ಗ್ರೀಕ್ ಶಬ್ದ ‘ಅಗಾಪೆ’. ಮೋಹ, ವಾತ್ಸಲ್ಯ, ಸ್ನೇಹ ಇವು ತಾವಾಗಿ ಉಕ್ಕುವ ಭಾವಗಳು. ಅಗಾಪೆಯಾದರೋ ಪೌಲನ ಬಳಕೆಯಲ್ಲಿ ಭಾವಕ್ಕಿಂತ ಹೆಚ್ಚಾಗಿ ಸಂಕಲ್ಪಕ್ಕೆ ಸೇರಿದುದು. ಅವನು ಪ್ರೇಮವೆಂದರೆ ಇಂಥದೆಂದು ಲಕ್ಷಣವಾಕ್ಯವನ್ನು ಬರೆಯಲಿಲ್ಲ. ಪ್ರೇಮವು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಹದಿನೈದು ಕ್ರಿಯಾಪದಗಳಲ್ಲಿ ಎಣಿಸಿದನು. ಅವುಗಳಲ್ಲಿ ಎಂಟು ನಿಷೇಧರೂಪದಲ್ಲಿವೆ. ಉಬ್ಬಿಕೊಳ್ಳದಿರುವುದು ಆ ಎಂಟರಲ್ಲೊಂದು. ಈ ಅರ್ಥದ ಗ್ರೀಕ್ ಕ್ರಿಯಾಪದವು ಹೊಸ ಒಡಂಬಡಿಕೆಯಲ್ಲೆಲ್ಲ ಏಳು ಸಲ ಮಾತ್ರ ಬರುತ್ತದೆ. ಅವುಗಳಲ್ಲಿ ಆರು ಈ ಒಂದು ಪತ್ರದಲ್ಲಿಯೇ ಇವೆ. ತನ್ನ ಗುರುವೇ ಹೆಚ್ಚೆಂದು, ತನ್ನ ಜ್ಞಾನವೇ ಹೆಚ್ಚೆಂದು ಉಬ್ಬಿದವರನ್ನು ಹಿಂದಿನ ಅಧ್ಯಾಯಗಳಲ್ಲಿ ಯಾವ ಶಬ್ದದಿಂದ ಚುಚ್ಚಿದ್ದನೋ ಅದೇ ಶಬ್ದದಿಂದ ಪ್ರೇಮವು ಉಬ್ಬಿಕೊಳ್ಳುವುದಿಲ್ಲವೆಂದು ಇಲ್ಲಿ ಹೇಳಿದನು. ಕೊರಿಂಥದವರ ದೋಷಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆದ ಔಷಧಿಯ ಚೀಟಿ ಈ ಅಧ್ಯಾಯವೆಂದರೆ ತಪ್ಪಾಗಲಾರದು.

ಇಲ್ಲಿ ಒಂದು ಆಕ್ಷೇಪಣೆಯು ಏಳುವುದು ಸಹಜ. ಪಂಕ್ತಿಯಲ್ಲಿ ಸಮತೆಯಿದ್ದರೆ ಸಾಕೇ? ಸತ್ಯವನ್ನು ಕುರಿತು ಭಿನ್ನಾಭಿಪ್ರಾಯವಿರುವಾಗ ಒಂದಾಗುವುದು ಹೇಗೆ? ಪ್ರೇಮದ ಹೆಸರಿನಲ್ಲಿ ಸತ್ಯವನ್ನು ಬಲಿಗೊಡಬಹುದೇ? ಈ ಆಕ್ಷೇಪಣೆಯು ಹಗುರವಾದುದಲ್ಲ. 1529ರ ಅಕ್ಟೋಬರದಲ್ಲಿ ಜರ್ಮನಿಯ ಮಾರ್‌ಬುರ್ಗ್ ಕೋಟೆಯಲ್ಲಿ ಮಾರ್ಟಿನ್ ಲೂಥರನೂ ಸ್ವಿಟ್ಜರ್‌ಲೆಂಡಿನ ಝ್ವಿಂಗ್ಲಿಯೂ ಕೂಡಿ ಚರ್ಚಿಸಿದರು. ಹದಿನೈದು ವಿಷಯಗಳಲ್ಲಿ ಹದಿನಾಲ್ಕನ್ನು ಇಬ್ಬರೂ ಒಪ್ಪಿದರು. ಹದಿನೈದನೆಯದರಲ್ಲಿ, ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹವು ವಾಸ್ತವವಾಗಿ ಇರುವುದೋ ಇಲ್ಲವೋ ಎಂಬಲ್ಲಿ, ಒಮ್ಮತವಾಗಲಿಲ್ಲ. ಒಂದಾಗಿಸಬೇಕಾಗಿದ್ದ ಭೋಜನವೇ ಅವರನ್ನು ಬೇರ್ಪಡಿಸಿತು. ಲೂಥರನು ಹಟಕ್ಕಾಗಿ ಹಟ ಹಿಡಿದನೆನ್ನುವುದು ನ್ಯಾಯವಲ್ಲ; ತನ್ನ ಅಂತಃಕರಣಕ್ಕೆ ಸತ್ಯವೆಂದು ತೋರಿದುದನ್ನು ಅವನು ಬಿಡಲಾರದೆ ಹೋದನು. ಹದಿನಾಲ್ಕು ವಿಷಯಗಳ ಒಮ್ಮತವು ಒಂದರ ಭಿನ್ನಮತವನ್ನು ಏಕೆ ಹೊರಲಾರದೆ ಹೋಯಿತೆಂಬ ಪ್ರಶ್ನೆಯಾದರೋ ಮುಂದಿನ ಶತಮಾನಗಳಿಗೆ ಉಳಿಯಿತು.

ಈ ಒಡಕುಗಳು ಮಿಷನರಿಗಳೊಡನೆ ಹಡಗೇರಿ ಭಾರತಕ್ಕೂ ಬಂದವು. ಆಂಗ್ಲಿಕನರು, ಲೂಥರನ್ನರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು, ಮೆಥಡಿಸ್ಟರು ಒಂದೊಂದು ಸೀಮೆಯನ್ನು ಹಂಚಿಕೊಂಡರು. ತಿರುನೆಲ್ವೇಲಿಯ ರೈತನಿಗೂ ಮೈಸೂರು ಸೀಮೆಯ ನೇಕಾರನಿಗೂ ಯೂರೋಪಿನ ಜಗಳಗಳ ಮೂಲವು ತಿಳಿಯದಿದ್ದರೂ ಅವುಗಳ ಹೆಸರುಗಳು ಅಂಟಿಕೊಂಡವು. ಇದರ ಜೊತೆಗೆ ಈ ದೇಶದ ಸ್ವಂತ ಒಡಕಾದ ಜಾತಿಭೇದವೂ ದೇವಾಲಯದೊಳಗೆ ಪ್ರವೇಶಿಸಿತು. ಸಭೆಯೊಳಗೆ ಜಾತಿಭೇದವನ್ನು ಕೂಡಲೇ ಸಂಪೂರ್ಣವಾಗಿ ತೊರೆಯಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು 1833ರಲ್ಲಿ ಸುತ್ತೋಲೆ ಕಳುಹಿಸಿದಾಗ ತಮಿಳುನಾಡಿನಲ್ಲಿ ಅನೇಕರು ಅದಕ್ಕೆ ತಲೆಬಾಗದೆ ಬೇರೆಯಾದರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬಲ್ಲಿ 1872ರ ಕಥೋಲಿಕ ದೇವಾಲಯವನ್ನು ಎರಡು ಕವಲುಗಳುಳ್ಳ ಆಕಾರದಲ್ಲಿ ಕಟ್ಟಲಾಯಿತು: ಎರಡು ಜಾತಿಗಳವರು ಎರಡು ಕವಲುಗಳಲ್ಲಿ ನಿಲ್ಲುವರು, ಇಬ್ಬರಿಗೂ ವೇದಿಯು ಕಾಣುವುದು, ಒಬ್ಬರಿಗೊಬ್ಬರು ಮಾತ್ರ ಕಾಣರು. ದೇವರನ್ನು ನೋಡಿ ನೆರೆಯವನನ್ನು ನೋಡದಿರುವ ಭಕ್ತಿಗೆ ಕಲ್ಲು ಗಾರೆಗಳಲ್ಲಿ ಕಟ್ಟಿದ ಪ್ರತಿಮೆಯದು.

ಈ ಎರಡು ಬಗೆಯ ಒಡಕುಗಳನ್ನೂ ಕಣ್ಣಾರೆ ಕಂಡು ನೊಂದವರಲ್ಲಿ ವಿ. ಎಸ್. ಅಜರಾಯರು ಪ್ರಮುಖರು. 1874ರಲ್ಲಿ ತಿರುನೆಲ್ವೇಲಿ ಸೀಮೆಯಲ್ಲಿ ಜನಿಸಿದ ಈ ಮಹನೀಯರು 1910ರಲ್ಲಿ ಎಡಿನ್‌ಬರೊ ನಗರದಲ್ಲಿ ನಡೆದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಮಾಡಿದ ಭಾಷಣವು ಅಲ್ಲಿ ನೆರೆದವರಲ್ಲಿ ಹಲವರಿಗೆ ಕಹಿಯಾಯಿತು. ವಿದೇಶೀ ಮಿಷನರಿಗಳಿಗೂ ಭಾರತೀಯ ಸಹೋದ್ಯೋಗಿಗಳಿಗೂ ನಡುವೆ ಸ್ನೇಹವಿಲ್ಲವೆಂದು ಅವರು ನಿರ್ಭಯವಾಗಿ ಹೇಳಿದರು. ಕೈಕುಲುಕುವುದು, ಕುಳಿತುಕೊಳ್ಳಲು ಕುರ್ಚಿ ಕೊಡುವುದು, ಊಟಕ್ಕೆ ಚಹಕ್ಕೆ ಕರೆಯುವುದು ಇವು ತಮ್ಮಷ್ಟಕ್ಕೆ ದೊಡ್ಡವಲ್ಲ; ಸ್ನೇಹದ ಗುರುತುಗಳಾದರೆ ಮಾತ್ರ ಬೆಲೆಯುಳ್ಳವು ಎಂಬುದು ಅವರ ವಾದ. ಕೊರಿಂಥದವರಿಗೆ ಬರೆದ ಪ್ರೇಮಾಧ್ಯಾಯವನ್ನೇ ನೆನಪಿಗೆ ತಂದು, ಮಿಷನರಿಗಳು ಆಸ್ತಿಯನ್ನೂ ದೇಹವನ್ನೂ ಅರ್ಪಿಸಿರುವರಾದರೂ ಭಾರತೀಯರು ಬಯಸುವುದು ಪ್ರೇಮವನ್ನು, ಸ್ನೇಹಿತರನ್ನು ಎಂದು ಅವರು ಮುಗಿಸಿದರು. ದಾತನು ಮೇಲೆ ನಿಂತು ಕೊಡುವ ದಾನವು ಎಷ್ಟೇ ದೊಡ್ಡದಾಗಿದ್ದರೂ ಐಕ್ಯವನ್ನು ಹುಟ್ಟಿಸಲಾರದು. ಜೊತೆಯಲ್ಲಿ ಕುಳಿತು ಉಣ್ಣುವುದರಿಂದ ಹುಟ್ಟುವ ಸಮತೆಯು ದಾನದಿಂದ ಹುಟ್ಟದು ಎಂಬ ತತ್ತ್ವವು ಈ ಭಾಷಣದಲ್ಲಿ ಅಡಗಿದೆ.

1912ರಲ್ಲಿ ಅಜರಾಯರು ದೋರ್ಣಕಲ್ಲಿನ ಬಿಷಪ್ಪರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯನೊಬ್ಬನಿಗೆ ಆ ಪದವಿಯು ದೊರೆತುದು ಅದೇ ಮೊದಲು. 1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ 33 ಮಂದಿ ಕೂಡಿದರು. ಇಬ್ಬರ ಹೊರತು ಎಲ್ಲರೂ ಭಾರತೀಯರು. ತಮ್ಮನ್ನು ಬೇರ್ಪಡಿಸಿರುವ ಒಡಕುಗಳಿಗೆ ತಾವು ಹೊಣೆಗಾರರಲ್ಲ, ಅವು ಹೊರಗಿನಿಂದ ಹೇರಲ್ಪಟ್ಟವು, ಆದುದರಿಂದ ಒಂದಾಗಬೇಕು ಎಂದು ಅವರು ಪ್ರಕಟಿಸಿದರು. ಆದರೆ ಒಂದಾಗಲು ಎರಡು ದಿನಗಳು ಸಾಲವು. ಮತ್ತೆ ಇಪ್ಪತ್ತೆಂಟು ವರ್ಷಗಳು ಬೇಕಾದವು. ಮುಖ್ಯ ತೊಡಕು ಮತ್ತೆ ಪಂಕ್ತಿಗೇ ಸಂಬಂಧಿಸಿದುದಾಗಿತ್ತು: ಕರ್ತನ ಭೋಜನವನ್ನು ನಡೆಯಿಸುವ ಅಧಿಕಾರ ಯಾರದು? ಬಿಷಪ್ಪನಿಂದ ದೀಕ್ಷೆ ಪಡೆದವನೇ ನಡೆಯಿಸಬೇಕೆಂದು ಆಂಗ್ಲಿಕನರ ನಿಯಮ. ಬಿಷಪ್ಪರಿಲ್ಲದ ಸಭೆಗಳ ಪಾದ್ರಿಗಳಿಗೆ ಮತ್ತೆ ದೀಕ್ಷೆ ಕೊಡುವುದೆಂದರೆ ಅವರ ಇಷ್ಟು ದಿನದ ಸೇವೆಯು ಸೇವೆಯೇ ಅಲ್ಲವೆಂದು ಹೇಳಿದಂತಾಗುತ್ತಿತ್ತು.

ಕೊನೆಗೆ ದೊರೆತ ಪರಿಹಾರದಲ್ಲಿ ಮಾರ್‌ಬುರ್ಗಿನ ಪ್ರಶ್ನೆಗೆ ಒಂದು ಬಗೆಯ ಉತ್ತರವಿದೆ. ಕೂಡಿಕೊಳ್ಳುವ ದಿನದಂದು ಇದ್ದ ಎಲ್ಲ ಪಾದ್ರಿಗಳನ್ನೂ ಪುನರ್ದೀಕ್ಷೆಯಿಲ್ಲದೆ ಸ್ವೀಕರಿಸುವುದು. ಅಂದಿನಿಂದ ಮುಂದೆ ಎಲ್ಲ ದೀಕ್ಷೆಗಳನ್ನೂ ಬಿಷಪ್ಪರೇ ಕೊಡುವುದು. ಮೂವತ್ತು ವರ್ಷಗಳ ಕಾಲ ಎರಡು ಬಗೆಯವರೂ ಜೊತೆಯಲ್ಲಿ ಸೇವೆಮಾಡುವುದು. ಯಾವ ಸ್ಥಳೀಯ ಸಭೆಯ ಮೇಲೂ ಅದರ ಅಂತಃಕರಣಕ್ಕೆ ಒಪ್ಪದ ವ್ಯವಸ್ಥೆಯನ್ನು ಹೇರದಿರುವುದು. ಇಲ್ಲಿ ಸತ್ಯವನ್ನು ಯಾರೂ ಬಲಿಗೊಡಲಿಲ್ಲ. ಪೂರ್ಣ ಒಮ್ಮತವು ಬರುವವರೆಗೆ ಬೇರೆ ಉಣ್ಣೋಣವೆನ್ನುವುದನ್ನು ಬಿಟ್ಟು, ಕೂಡಿ ಉಣ್ಣುತ್ತ ಒಮ್ಮತಕ್ಕಾಗಿ ಕಾಯೋಣವೆಂದು ನಿಶ್ಚಯಿಸಿದರು. ಕೊರಿಂಥದಲ್ಲಿ ಪೌಲನು ಒಂದು ಹೊತ್ತಿನ ಊಟಕ್ಕೆ ವಿಧಿಸಿದ ಕಾಯುವಿಕೆಯನ್ನು ಇವರು ಮೂವತ್ತು ವರ್ಷಗಳಿಗೆ ವಿಸ್ತರಿಸಿದಂತಾಯಿತು.

1947ರ ಸೆಪ್ಟೆಂಬರ್ 27ರಂದು, ದೇಶವು ಸ್ವತಂತ್ರವಾಗಿ ಆರು ವಾರಗಳಾಗಿದ್ದಾಗ, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನರು, ಮೆಥಡಿಸ್ಟರು ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಯವರು ಕೂಡಿ ದಕ್ಷಿಣ ಭಾರತ ಸಭೆಯು ಉದಯಿಸಿತು. ಬಿಷಪ್ಪರನ್ನುಳ್ಳ ಸಭೆಯೂ ಬಿಷಪ್ಪರಿಲ್ಲದ ಸಭೆಗಳೂ ಹೀಗೆ ಒಂದಾದುದು ಲೂಥರನ ಕಾಲದ ಒಡಕಿನಿಂದೀಚೆಗೆ ಅಪೂರ್ವವಾದ ಸಂಗತಿಯೆಂದು ಎಣಿಸಲ್ಪಟ್ಟಿತು. ಆರಂಭದ ಹದಿನಾಲ್ಕು ಡಯಾಸಿಸ್‌ಗಳಲ್ಲಿ ಮೈಸೂರೂ ಒಂದು. ಐಕ್ಯಕ್ಕಾಗಿ ದುಡಿದ ಅಜರಾಯರು ಈ ದಿನವನ್ನು ಕಾಣಲಿಲ್ಲ. 1945ರ ಜನವರಿ 1ರಂದು ಅವರು ತೀರಿಕೊಂಡಿದ್ದರು. ಬಿತ್ತಿದವನೇ ಉಣ್ಣಬೇಕೆಂಬ ನಿಯಮವು ಇಂಥ ಬೆಳೆಗೆ ಅನ್ವಯಿಸುವುದಿಲ್ಲ.

ಈ ಕಥೆಯನ್ನು ಇಲ್ಲಿಗೇ ಮುಗಿಸಿ ಸಂತೋಷಪಡುವುದು ಸುಲಭ. ಆದರೆ ಅದು ಪೂರ್ಣಸತ್ಯವಾಗುವುದಿಲ್ಲ. ಕೆಲವು ಆಂಗ್ಲಿಕನ್ ಸಭೆಗಳವರು ಹೊರಗೆ ಉಳಿದರು. 1948ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪ್ಪರು ಹೊಸ ಸಭೆಗೆ ಪೂರ್ಣ ಸಹಭಾಗಿತ್ವವನ್ನು ಕೊಡಲಿಲ್ಲ. ಅದು ದೊರೆಯಲು ದಶಕಗಳು ಕಳೆಯಬೇಕಾದವು. ಪಾಶ್ಚಾತ್ಯ ಒಡಕನ್ನು ಹೊಲಿದಷ್ಟು ಸುಲಭವಾಗಿ ಜಾತಿಯ ಒಡಕನ್ನು ಹೊಲಿಯಲು ಭಾರತದ ಯಾವ ಸಭೆಗೂ ಸಾಧ್ಯವಾಗಿಲ್ಲ. ವಡಕ್ಕನ್‌ಕುಳದ ಗೋಡೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿದ್ದಿತು. ಆದರೂ ದಲಿತ ಕ್ರೈಸ್ತರ ಶವಗಳಿಗೆ ಬೇರೆ ಹೂಳುವ ಸ್ಥಳವೆಂಬ ಪದ್ಧತಿಯು ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ವೇದಿಯ ಮುಂದೆ ಒಂದೇ ರೊಟ್ಟಿಯನ್ನು ಮುರಿದು ತಿಂದವರು ಮಣ್ಣಿನಲ್ಲಿ ಒಂದಾಗಲಾರದೆ ಹೋಗುವುದಕ್ಕಿಂತ ಕಠೋರವಾದ ಪಂಕ್ತಿಭೇದವನ್ನು ಊಹಿಸುವುದು ಕಷ್ಟ. ಸಂವಿಧಾನವನ್ನು ಬರೆದು, ಸಹಿಹಾಕಿ, ಘಂಟೆ ಬಾರಿಸಿ ಸಾಧಿಸಬಹುದಾದ ಐಕ್ಯ ಒಂದು; ಹೆಣ್ಣು ಕೊಟ್ಟು ತರುವಲ್ಲಿ, ಹೆಣ ಹೊರುವಲ್ಲಿ, ಎಲೆ ಹಾಕುವಲ್ಲಿ ಸಾಧಿಸಬೇಕಾದ ಐಕ್ಯ ಇನ್ನೊಂದು. ಮೊದಲನೆಯದಕ್ಕೆ ಇಪ್ಪತ್ತೆಂಟು ವರ್ಷಗಳು ಸಾಕಾದವು. ಎರಡನೆಯದನ್ನು ಪ್ರತಿಯೊಂದು ಊರಿನಲ್ಲಿಯೂ ಪ್ರತಿಯೊಂದು ತಲೆಮಾರಿನವರೂ ಮೊದಲಿನಿಂದ ಸಾಧಿಸಬೇಕು.

ಹಾಗಾದರೆ ಈ ಆದರ್ಶವು ವ್ಯರ್ಥವೇ? ಅಲ್ಲ. ಯೆರೂಸಲೇಮಿನ ವಿಧವೆಯರ ದೂರನ್ನೂ, ಅಂತಿಯೋಕ್ಯದಲ್ಲಿ ಹಿರಿಯನಿಗಾದ ಭಂಗವನ್ನೂ, ಕೊರಿಂಥದ ಹಸಿದವರ ಅವಮಾನವನ್ನೂ ಆ ಸಮುದಾಯವು ತನ್ನ ಪವಿತ್ರಗ್ರಂಥದಿಂದ ಅಳಿಸಿಹಾಕದೆ ಉಳಿಸಿಕೊಂಡು ಬಂದಿದೆ ಎಂಬುದೇ ಅದರ ಸತ್ತ್ವಕ್ಕೆ ಸಾಕ್ಷಿ. ತನ್ನ ಲಜ್ಜೆಯನ್ನು ತಾನೇ ಓದಿಕೊಳ್ಳುವ ಸಮುದಾಯಕ್ಕೆ ತಿದ್ದಿಕೊಳ್ಳುವ ದಾರಿಯು ಮುಚ್ಚಿರುವುದಿಲ್ಲ. ಪ್ರೇಮವು ದೂರನ್ನು ಅಡಗಿಸದು, ಕೇಳುತ್ತದೆ. ಹಿರಿಯನ ತಪ್ಪನ್ನು ಮುಚ್ಚದು, ಎದುರಿನಲ್ಲಿ ಹೇಳುತ್ತದೆ. ಭಿನ್ನಮತವನ್ನು ತುಳಿಯದು, ಅದರೊಡನೆ ಕುಳಿತು ಕಾಯುತ್ತದೆ. ಈ ಮೂರನ್ನೂ ಮಾಡದೆ ಎಲ್ಲರೂ ಒಂದೇ ಎಂದು ಹಾಡುವ ಐಕ್ಯವು ಉಳ್ಳವರ ನೆಮ್ಮದಿಗಾಗಿ ಹೆಣೆದ ಹೊದಿಕೆಯಾದೀತು.

ಆದುದರಿಂದ ಯಾವುದೇ ಧರ್ಮಸಮುದಾಯದ ಐಕ್ಯವನ್ನು ಅರಿಯಬಯಸುವವನು ಅದರ ಘೋಷಣೆಗಳನ್ನು ಓದುವುದಕ್ಕೆ ಮೊದಲು ಅದರ ಊಟದ ಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಲಿ. ಕಡೆಯವನು ಇನ್ನೂ ಬಂದಿಲ್ಲವೆಂದು ಯಾರಾದರೂ ಗಮನಿಸಿದರೋ ಇಲ್ಲವೋ, ಅವನಿಗಾಗಿ ಕೈಗಳು ತಡೆದು ನಿಂತುವೋ ಇಲ್ಲವೋ, ಅವನು ಬಂದಾಗ ಅವನ ಎಲೆಗೂ ಮೊದಲನೆಯವನ ಎಲೆಗೂ ಒಂದೇ ಪಾತ್ರೆಯಿಂದ ಬಡಿಸಿದರೋ ಇಲ್ಲವೋ ಎಂಬುದನ್ನು ನೋಡಿದರೆ ಸಾಕು; ಅಲ್ಲಿ ಪ್ರೇಮವಿದೆಯೋ ಇಲ್ಲವೋ ಎಂಬುದು ಯಾರ ವಿವರಣೆಯೂ ಇಲ್ಲದೆ ತಿಳಿದುಬರುತ್ತದೆ.